ಗೋಲಗುಂಬಜ್‌ನಲ್ಲಿ ಕೂಗಿದ್ದಾಯ್ತು, ಇನ್ನೇನು ನೋಡ್ಬೇಕು? ವಿಜಯಪುರ, ಬೀದರ್, ಕಲಬುರಗಿಯ ಗುಮ್ಮಟ-ಕಮಾನುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ವಿಜಯಪುರ. ಬೆಂಗ್ಳೂರು, ಮೈಸೂರು, ಶಿವಮೊಗ್ಗ ಕಡೆಯಿಂದ ನೆಂಟರು ಫ್ರೆಂಡ್ಸು ಯಾರೇ ಬರ್ಲಿ, ಊರು ತೋರಿಸೋಕೆ ನಾನೇ ಹೋಗೋದು. ಅವರು ಕೇಳೋದೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಪ್ರತಿ ಸಲ ವಾಟ್ಸಾಪಲ್ಲಿ ಅದನ್ನೇ ಟೈಪ್ ಮಾಡೋ ಬದ್ಲು ಒಂದ್ಕಡೆ ಬರೆದಿಟ್ರೆ ಹೊರಡೋ ಮುಂಚೆ ಓದ್ಕೊಂಡು ಬರ್ತಾರೆ ಅಂತ ಇದನ್ನ ಬರೀತಿದೀನಿ. ತುಂಬಾ ಜನ ಗೋಲಗುಂಬಜ್ ಹತ್ತಿ, ಒಂದ್ಸಲ ಹೋ ಅಂತ ಕೂಗಿ, ಫೋಟೋ ತೆಗೆಸ್ಕೊಂಡು ಆಲಮಟ್ಟಿ ಕಡೆ ಹೊರಟುಬಿಡ್ತಾರೆ, ಅದು ನೋಡಿ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ. ಬಾಯಿಗೆ ಕೊಟ್ಟಷ್ಟು ಕೆಲಸ ಕಣ್ಣಿಗೂ ಕೊಡಿ ಅನ್ನೋದಷ್ಟೇ ನನ್ನ ಕೋರಿಕೆ.

ಗೋಲಗುಂಬಜ್ ಮಸೀದಿನಾ, ಅರಮನೆನಾ?

ಎರಡೂ ಅಲ್ಲ, ಗೋರಿ. 1627ರಿಂದ 1656ರವರೆಗೆ ಬಿಜಾಪುರ ಆಳಿದ ಮೊಹಮ್ಮದ್ ಆದಿಲ್ ಶಾಹಿ ತಾನು ಬದುಕಿರೋವಾಗ್ಲೇ ಕಟ್ಟಿಸೋಕೆ ಶುರು ಮಾಡಿದ್ದು. ಒಳಗೆ ನಡುಮಧ್ಯ ಕಟ್ಟೆ ಮೇಲೆ ಕಾಣೋ ಸಮಾಧಿಗಳು ಗುರುತಿಗೆ ಮಾತ್ರ, ನಿಜವಾದ ಗೋರಿಗಳು ಅದರ ನೇರ ಕೆಳಗೆ ನೆಲಮಾಳಿಗೇಲಿವೆ. ಸುಲ್ತಾನನ ಜೊತೆ ಅವನ ಬೇಗಂಗಳು, ಮಗಳು, ಮೊಮ್ಮಗ, ನರ್ತಕಿ ರಂಭಾ, ಎಲ್ಲಾ ಅಲ್ಲೇ ಇದಾರೆ. ಮಸೀದಿ ಬೇರೆ ಇದೆ, ಪಕ್ಕದಲ್ಲೇ ಪಶ್ಚಿಮಕ್ಕೆ, ಚಿಕ್ಕದಾಗಿ ಚೆನ್ನಾಗಿದೆ, ಯಾರೂ ಆ ಕಡೆ ತಿರುಗಿ ನೋಡಲ್ಲ. ಮುಂದೆ ಸಿಗೋದು ನಗಾರಖಾನೆ, ಈಗ ಮ್ಯೂಸಿಯಂ.

ಒಂದು ಕಂಬನೂ ಇಲ್ದೆ ಅಷ್ಟು ದೊಡ್ಡ ಗುಮ್ಮಟ ಹೆಂಗೆ ನಿಂತಿದೆ?

ಇದು ನನ್ನ ಇಷ್ಟದ ಪ್ರಶ್ನೆ, ಉದ್ದಕ್ಕೆ ಹೇಳ್ತೀನಿ.

ಮೊದ್ಲು ಒಂದು ಹಾಳೆ ತಗೊಳ್ಳಿ. ಒಂದು ಚೌಕ ಬರೀರಿ. ಅದೇ ಅಳತೆಯ ಇನ್ನೊಂದು ಚೌಕ ಅದರ ಮೇಲೆ ಓರೆಯಾಗಿ, ಮೂಲೆ ಬಂದು ಬದಿಯ ಮಧ್ಯಕ್ಕೆ ಸರಿಯಾಗಿ ಕೂರೋ ಹಾಗೆ ಬರೀರಿ. ಎಂಟು ಮೂಲೆ ನಕ್ಷತ್ರ ಬಂತಲ್ಲ? ನಮ್ಮನೆ ಹೆಣ್ಮಕ್ಕಳು ಬಾಗಿಲ ಮುಂದೆ ರಂಗೋಲೀಲಿ ಬಿಡಿಸೋ ಅದೇ ನಕ್ಷತ್ರ. ಸಮರಖಂದದ ಹೆಂಚಿನ ಗೋಡೆ, ಕೈರೋದ ಮಸೀದಿ ಬಾಗಿಲು, ಸ್ಪೇನಿನ ಗ್ರಾನಡಾದ ಅಲ್ಹಂಬ್ರಾ, ಎಲ್ಲೇ ಹೋದ್ರೂ ಇದು ಸಿಗುತ್ತೆ. ಬೇರೆ ಕಡೆ ಸಾಮಾನ್ಯವಾಗಿ ಅದು ಅಲಂಕಾರ. ಬಿಜಾಪುರದವರು ಆ ನಕ್ಷತ್ರದಿಂದಾನೇ ಕಟ್ಟಡ ನಿಲ್ಲಿಸಿದ್ರು, ಅದೇ ದೊಡ್ಡ ವಿಷಯ.

ಹೆಂಗೆ ಅಂದ್ರೆ, ಒಳಗಿನ ಹಾಲ್ ಒಂದೊಂದು ಬದಿ 135 ಅಡಿ ಇರೋ ಚೌಕ. ಗುಮ್ಮಟ ದುಂಡಗಿದೆ. ಚೌಕದ ಮೇಲೆ ದುಂಡನೇದು ಕೂರಿಸ್ಬೇಕಂದ್ರೆ ಮೂಲೆಗಳಲ್ಲಿ ಗುಮ್ಮಟದ ಕೆಳಗೆ ಆಧಾರ ಇರಲ್ಲ, ಪ್ರಪಂಚದಲ್ಲಿ ಗುಮ್ಮಟ ಕಟ್ಟಿದೋರಿಗೆಲ್ಲಾ ಇದೇ ತಲೆನೋವು. ಇಲ್ಲಿ ಏನು ಮಾಡಿದಾರೆ ಅಂದ್ರೆ, ಗೋಡೆಗಳಿಂದ ಎಂಟು ದೊಡ್ಡ ದೊಡ್ಡ ಕಮಾನು ಎಬ್ಬಿಸಿ, ಅವು ಒಂದನ್ನೊಂದು ಕತ್ತರಿ ಥರ ದಾಟ್ಕೊಂಡು ಹೋಗೋ ಹಾಗೆ ಮಾಡಿದಾರೆ, ಮೇಲಕ್ಕೆ ಹೋದಂಗೆ ಕಮಾನುಗಳ ಮಧ್ಯದ ಭಾಗ ಒಳಗಡೆಗೆ ವಾಲ್ತಾ ವಾಲ್ತಾ ಬಂದು 135 ಅಡಿ ಚೌಕ ಅನ್ನೋದು ಮೇಲೆ ಹೋಗೋವಷ್ಟರಲ್ಲಿ ಸುಮಾರು 97 ಅಡಿಯ ದುಂಡನೆ ಬಾಯಿ ಆಗ್ಬಿಡುತ್ತೆ. ಈಗ ಗುಮ್ಮಟ ಕೂರಿಸಿರೋದು ಆ ಬಾಯಿ ಅಂಚಿಗಲ್ಲ, ಅಲ್ಲಿಂದ ಹಿಂದಕ್ಕೆ ಸರಿಸಿ. ಗುಮ್ಮಟದ ಒಳ ಅಗಲ 124 ಅಡಿ ಚಿಲ್ಲರೆ. ನಡುವೆ ಉಳಿದ ಜಾಗವೇ ನೀವು ಮೇಲೆ ಹೋಗಿ ನಡೆದಾಡೋ ಗ್ಯಾಲರಿ.

ಭಾರದ ಲೆಕ್ಕ ಇನ್ನೂ ಚೆಂದ. ಯಾವ ಗುಮ್ಮಟ ಆದ್ರೂ ಬುಡದಲ್ಲಿ ಹೊರಗಡೆಗೆ ತಳ್ಳುತ್ತೆ, ಗೋಡೆ ಹೊರಗೆ ಬಿದ್ದುಹೋಗೋ ಅಪಾಯ ಇರುತ್ತೆ. ಇಲ್ಲಿ ಒಳಗಡೆಗೆ ವಾಲಿರೋ ಆ ಕಮಾನುಗಳ ರಾಶಿ ತನ್ನ ಭಾರದಿಂದ ಒಳಗಡೆಗೆ ಎಳೆಯುತ್ತೆ. ಒಂದು ಹೊರಗೆ ತಳ್ಳುತ್ತೆ, ಇನ್ನೊಂದು ಒಳಗೆ ಎಳೆಯುತ್ತೆ, ಎರಡೂ ಸರಿಸಮ ಆಗಿ ಗುಮ್ಮಟ ನಿಂತ್ಕೊಳ್ಳುತ್ತೆ. ಗುಮ್ಮಟ ಇಟ್ಟಿಗೆದು, ಸುಣ್ಣದ ಗಾರೆ ದಪ್ಪಕ್ಕೆ ಹಾಕಿ ಕಟ್ಟಿರೋದು, ಬುಡದ ಹತ್ರ ಸುಮಾರು 10 ಅಡಿ ದಪ್ಪ ಇದೆ. ಮುನ್ನೂರ ಅರವತ್ತು ವರ್ಷದ ಮೇಲಾಯ್ತು.

ಒಳಗೆ ಹೋದ ತಕ್ಷಣ ಮೆಟ್ಟಿಲಿಗೆ ಓಡ್ಬೇಡಿ, ಹಾಲ್‌ನಲ್ಲೇ ಒಂದು ಮೂಲೇಲಿ ನಿಂತು ತಲೆಯೆತ್ತಿ ಆ ಕಮಾನುಗಳು ದಾಟೋ ಜಾಗಗಳನ್ನ ಒಂದೊಂದಾಗಿ ಎಣಿಸಿ. ಹಾಳೆ ಮೇಲೆ ಬರೆದ ನಕ್ಷತ್ರ ಮೇಲೆ ಕಾಣಿಸುತ್ತೆ. ನಂಗೆ ಅದು ಮೊದಲ ಸಲ ಕಂಡಾಗ ಡಿಗ್ರಿ ಓದ್ತಿದ್ದೆ, ಹುಟ್ಟಿದಾಗಿಂದ ಅದೇ ಊರಲ್ಲಿದ್ದು ಅಲ್ಲಿವರೆಗೂ ಕಂಡಿರ್ಲಿಲ್ಲ.

ಪ್ರಪಂಚದಲ್ಲೇ ಎರಡನೇ ದೊಡ್ಡ ಗುಮ್ಮಟ ಅಂತ ಸ್ಕೂಲಲ್ಲಿ ಓದಿದ್ವಿ, ನಿಜನಾ?

ಅಗಲದ ಲೆಕ್ಕ ತಗೊಂಡ್ರೆ ಪೂರ್ತಿ ಸರಿಯಿಲ್ಲ. ನಮ್ಮದು ಒಳಗಿನಿಂದ ಸುಮಾರು 38 ಮೀಟರ್. ರೋಮ್‌ನ ಪ್ಯಾಂಥಿಯಾನ್ 43 ಮೀಟರ್, ಅಲ್ಲೇ ಇರೋ ಸೇಂಟ್ ಪೀಟರ್ಸ್ 41 ಮೀಟರ್ ಮೇಲಿದೆ, ಫ್ಲಾರೆನ್ಸ್‌ನ ಕೆಥೆಡ್ರಲ್ ಗುಮ್ಮಟನೂ ನಮ್ಮದಕ್ಕಿಂತ ಅಗಲ. ಇನ್ನು ಸ್ಟೀಲು ಕಾಂಕ್ರೀಟಲ್ಲಿ ಕಟ್ಟಿದ ಈಗಿನ ಸ್ಟೇಡಿಯಂಗಳ ಮಾತೇ ಬೇರೆ. ಆದ್ರೆ ಇನ್ನೊಂದು ಲೆಕ್ಕ ಇದೆ, ಅದನ್ನ ಯಾರೂ ಹೇಳಲ್ಲ: ಮಧ್ಯ ಕಂಬ ಇಲ್ದೆ ಒಂದೇ ಗುಮ್ಮಟದ ಕೆಳಗೆ ಎಷ್ಟು ನೆಲ ಮುಚ್ಚಿದಾರೆ ಅಂತ. 135 ಅಡಿ ಚೌಕ ಅಂದ್ರೆ 18,000 ಚದರಡಿಗೂ ಜಾಸ್ತಿ, ಪ್ಯಾಂಥಿಯಾನ್‌ನ ದುಂಡನೆ ಹಾಲ್ ಅದಕ್ಕಿಂತ ಕಮ್ಮಿ, 16,000ದ ಆಸುಪಾಸು. ಆ ಹೆಚ್ಚುವರಿ ನೆಲ ಗಳಿಸಿಕೊಟ್ಟಿದ್ದು ಅದೇ ಕತ್ತರಿ ಕಮಾನು. ನಂಗೆ ರ‍್ಯಾಂಕಿಗಿಂತ ಇದೇ ಹೆಮ್ಮೆ.

ಪಿಸುಗುಟ್ಟಿದ್ದು ಆ ಕಡೆ ನಿಜವಾಗ್ಲೂ ಕೇಳಿಸುತ್ತಾ? ನಾವು ಹೋದಾಗ ಏನೂ ಕೇಳಿಸ್ಲಿಲ್ಲ.

ಕೇಳಿಸುತ್ತೆ, ನೀವು ಹೋದ ಟೈಮ್ ಸರಿಯಿಲ್ಲ ಅಷ್ಟೆ. ಹನ್ನೊಂದು ಗಂಟೆಗೆ ಹೋದ್ರೆ ನೂರು ಜನ ಒಟ್ಟಿಗೆ ಕೂಗ್ತಿರ್ತಾರೆ, ಒಂದು ಶಬ್ದ ಏಳೆಂಟು ಸಲ ಮರಳಿ ಬರೋ ಜಾಗದಲ್ಲಿ ನೂರು ಜನ ಕೂಗಿದ್ರೆ ಬರೀ ಗದ್ದಲ. ಬೆಳಗ್ಗೆ ಗೇಟು ತೆಗೆಯೋ ಹೊತ್ತಿಗೇ ಹೋಗಿ. ಮೂಲೆ ಮಿನಾರ್ ಒಳಗಿನ ಸಣ್ಣ ಸುತ್ತು ಮೆಟ್ಟಿಲಲ್ಲಿ ಏಳು ಅಂತಸ್ತು ಹತ್ತಬೇಕು, ಮೆಟ್ಟಿಲು ಎತ್ತರ ಎತ್ತರ ಇವೆ, ಮಂಡಿ ನೋವಿರೋರು ನಿಧಾನ.

ಮೇಲೆ ಹೋದ್ಮೇಲೆ ಒಬ್ರು ಈ ಕಡೆ, ಒಬ್ರು ಎದುರುಗಡೆ ಗೋಡೆಗೆ ಮುಖ ಮಾಡಿ ಕೂತ್ಕೊಳ್ಳಿ. ಮೆಲ್ಲಗೆ ಮಾತಾಡಿ. ಶಬ್ದ ದುಂಡನೆ ಗೋಡೆ ಹಿಡ್ಕೊಂಡು ಜಾರ್ತಾ ಹೋಗುತ್ತೆ, ಮಧ್ಯದ ಖಾಲಿ ಜಾಗದಲ್ಲಿ ಚೆದುರಿ ಹೋಗಲ್ಲ. ಒಂದ್ಸಲ ಚಳಿಗಾಲದ ಬೆಳಗ್ಗೆ ನಾನೂ ನಮ್ಮ ದೊಡ್ಡಪ್ಪನೂ ಇಬ್ಬರೇ ಇದ್ವಿ, ಅವರು ಆ ಕಡೆ ಜೇಬಿಂದ ಕಾಗದ ತೆಗೆದು ಹರಿದ್ರು, ಆ ಪರ್ ಅನ್ನೋ ಸದ್ದು ನನ್ನ ಕಿವಿ ಪಕ್ಕದಲ್ಲೇ ಹರಿದಂಗೆ ಕೇಳಿಸ್ತು. ದೊಡ್ಡಪ್ಪ "ಕೇಳ್ತೇನಪಾ?" ಅಂದಿದ್ದು ಇವತ್ತಿಗೂ ಕಿವೀಲಿದೆ.

ಗೋಡೆ ಮೇಲೆ ಕೆತ್ತಿರೋ ಅಕ್ಷರಗಳಲ್ಲಿ ಏನು ಬರೆದಿದೆ? ಬರೀ ಡಿಸೈನಾ?

ಡಿಸೈನೂ ಹೌದು, ಮಾತೂ ಹೌದು. ಇಸ್ಲಾಮಿನ ಕಲೇಲಿ ಅಕ್ಷರ ಬರೆಯೋದು ಎಲ್ಲಕ್ಕಿಂತ ದೊಡ್ಡ ಕಲೆ, ಯಾಕಂದ್ರೆ ಕುರಾನು ಅಕ್ಷರದಲ್ಲಿದೆ, ಅದನ್ನ ಎಷ್ಟು ಚೆಂದ ಬರೆದ್ರೂ ಸಾಲದು ಅಂತ ಭಾವನೆ. ಅದಕ್ಕೇ ಚಿತ್ರಕಾರನಿಗಿಂತ ಅಕ್ಷರ ಬರೆಯೋನಿಗೆ ಮರ್ಯಾದೆ ಜಾಸ್ತಿ ಇತ್ತು. ನಮ್ಮಲ್ಲಿ ಅರೇಬಿಕ್ ಕುರಾನ್ ಸಾಲುಗಳೂ ಇವೆ, ಪರ್ಷಿಯನ್ ಪದ್ಯಗಳೂ ಇವೆ.

ಗೋಲಗುಂಬಜ್‌ನ ದಕ್ಷಿಣದ ಬಾಗಿಲ ಮೇಲೆ ಮೂರು ತುಂಡು ಬರಹ ಇದೆ ನೋಡಿ. ಅರೇಬಿಕ್ ಅಕ್ಷರ ಒಂದೊಂದಕ್ಕೂ ಒಂದು ಅಂಕಿ ಇರುತ್ತೆ, ನಮ್ಮ ಕಟಪಯಾದಿ ಇದೆಯಲ್ಲ, ಆ ರೀತಿ ಅಂದ್ಕೊಳ್ಳಿ. ಇದಕ್ಕೆ ಅಬ್ಜದ್ ಅಂತಾರೆ. ಆ ಮೂರೂ ವಾಕ್ಯದ ಅರ್ಥ ಬೇರೆ ಬೇರೆ, ಸುಲ್ತಾನ ಸ್ವರ್ಗ ಸೇರಿದ, ಅವನ ಕೊನೆ ಒಳ್ಳೇದಾಯ್ತು, ಈ ಥರ. ಆದ್ರೆ ಒಂದೊಂದು ವಾಕ್ಯದ ಅಂಕಿ ಕೂಡಿದ್ರೂ 1067 ಬರುತ್ತೆ, ಅದು ಅವನು ತೀರಿಕೊಂಡ ಹಿಜ್ರಿ ವರ್ಷ, ನಮ್ಮ ಲೆಕ್ಕದಲ್ಲಿ 1656. ಅರ್ಥನೂ ಕೆಡಬಾರ್ದು, ಲೆಕ್ಕನೂ ತಪ್ಪಬಾರ್ದು, ಅದನ್ನ ಮೂರು ಸಲ ಮಾಡಿದಾರೆ.

ಇನ್ನು ಅಕ್ಷರದ ಕೆಲಸ ತುದಿ ಮುಟ್ಟಿರೋದು ನಮ್ಮೂರಿನ ಇನ್ನೊಂದು ಗೋರಿ ಇಬ್ರಾಹಿಂ ರೋಜಾದಲ್ಲಿ. ಅಲ್ಲಿ ಕಿಟಕಿಗಳೇ ಅಕ್ಷರ. ಕಲ್ಲಿನ ಚಪ್ಪಡಿ ತಗೊಂಡು ಅಕ್ಷರ ಮಾತ್ರ ಉಳಿಸಿ ಸುತ್ತಲಿನ ಕಲ್ಲು ಕೊರೆದು ತೆಗೆದಿದಾರೆ, ಅಂದ್ರೆ ಗಾಳಿ ಬೆಳಕು ಒಳಗೆ ಬರೋದು ಅಕ್ಷರಗಳ ಸಂದೀಲಿ. ಹೊರಗೆ ನಿಂತು ನೋಡಿದ್ರೆ ಬರೀ ಕಪ್ಪು ಜಾಲರಿ. ಒಳಗೆ ಕತ್ತಲಲ್ಲಿ ಎರಡು ನಿಮಿಷ ಕಣ್ಣು ಹೊಂದಿಸ್ಕೊಂಡು ನಿಂತ್ರೆ ಬೆಳಕಿನ ಮೇಲೆ ಬರಹ ಎದ್ದು ಬರುತ್ತೆ. ಬೆರಳಲ್ಲಿ ಮುಟ್ಟೋಕೆ ಹೋಗ್ಬೇಡಿ ದಯವಿಟ್ಟು, ಕೆಲವು ಕಡೆ ಅಕ್ಷರ ಆಗ್ಲೇ ಮುರಿದಿವೆ.

ಇಬ್ರಾಹಿಂ ರೋಜಾ ನೋಡಿ ತಾಜ್‌ಮಹಲ್ ಕಟ್ಟಿದ್ರು ಅಂತಾರೆ?

ಹೇಳ್ತಾರೆ, ಗೈಡುಗಳಂತೂ ಅದರಿಂದಾನೇ ಶುರು ಮಾಡ್ತಾರೆ. ವರ್ಷದ ಲೆಕ್ಕಕ್ಕೆ ಹೊಂದುತ್ತೆ, ರೋಜಾ ಮುಗಿದಿದ್ದು 1627ರ ಹೊತ್ತಿಗೆ, ತಾಜ್ ಶುರುವಾಗಿದ್ದು ಅದಾಗಿ ನಾಲ್ಕೈದು ವರ್ಷಕ್ಕೆ. ನಾಲ್ಕು ಮೂಲೇಲಿ ಮಿನಾರ್, ಮಧ್ಯ ಗುಮ್ಮಟ, ಹೆಂಡತಿಗೋಸ್ಕರ ಶುರುವಾದ ಗೋರಿ, ಹೋಲಿಕೆ ಇದೆ. ಆದ್ರೆ ತಾಜ್‌ನ ವಂಶ ದಿಲ್ಲಿಯ ಹುಮಾಯೂನ್ ಗೋರಿ ಕಡೆಯಿಂದ ಸಲೀಸಾಗಿ ಬರುತ್ತೆ, ನಮ್ಮ ರೋಜಾ ದೊಡ್ಡದು ಅನ್ನಿಸ್ಕೊಳ್ಳೋಕೆ ತಾಜ್ ಹೆಸರು ಬೇಕಾಗಿಲ್ಲ. ದಕ್ಷಿಣದ ತಾಜ್ ಅಂತ ಬೋರ್ಡು ನೋಡಿದಾಗೆಲ್ಲ ನಂಗೆ ಹಂಗೆ ಅನ್ಸುತ್ತೆ.

ಕಟ್ಟಿಸಿದ್ದು 2ನೇ ಇಬ್ರಾಹಿಂ ಆದಿಲ್ ಶಾಹಿ, ಬೇಗಂ ತಾಜ್ ಸುಲ್ತಾನಾಗೆ ಅಂತ, ಕಡೆಗೆ ಅವನೂ ಅಲ್ಲೇ ಮಲಗಿದ. ಕಟ್ಟಡದ ಉಸ್ತುವಾರಿ ಮಲಿಕ್ ಸಂದಲ್‌ದು, ಊರೊಳಗಿನ ತಾಜ್ ಬಾವಡಿ ಕೂಡ ಅವನದೇ ಕೆಲಸ, 1620. ಒಂದೇ ಕಟ್ಟೆ ಮೇಲೆ ಗೋರಿ ಒಂದ್ಕಡೆ, ಮಸೀದಿ ಎದುರುಗಡೆ, ನಡುವೆ ಕಾರಂಜಿ ಹೊಂಡ. ಗೋರಿ ಕೋಣೆಯ ಮೇಲ್ಚಾವಣಿ ಗಮನಿಸಿ. ಸುಮಾರು 40 ಅಡಿ ಚೌಕ ಕೋಣೆ, ಸಪಾಟು ಕಲ್ಲಿನ ಸೂರು, ತೊಲೆ ಇಲ್ಲ, ಕಂಬ ಇಲ್ಲ. ಚಪ್ಪಡಿಗಳನ್ನ ಗಟ್ಟಿ ಗಾರೇಲಿ ಬೆಸೆದು ನೇತುಹಾಕಿದಂಗೆ ನಿಲ್ಲಿಸಿದಾರೆ. ಗೋಲಗುಂಬಜ್‌ನ ಲೆಕ್ಕಾಚಾರ ಕಣ್ಣಿಗೆ ಕಾಣುತ್ತೆ, ಇದರ ಲೆಕ್ಕ ಪೂರ್ತಿ ಅಡಗಿಸಿಟ್ಟಿದಾರೆ. ಹೊರಗಡೆ ಬಂದು ಮಸೀದಿಯ ಸಜ್ಜದ ಕೆಳಗೆ ನೋಡಿ, ಒಂದೇ ಕಲ್ಲಲ್ಲಿ ಕೊಂಡಿಗೆ ಕೊಂಡಿ ಸೇರಿಸಿ ಕೆತ್ತಿದ ಸರಪಳಿ ತೂಗ್ತಿರೋದು ಇನ್ನೂ ಒಂದೆರಡು ಉಳಿದಿವೆ. ಕಂಚಿ ಕಡೆ ದೇವಸ್ಥಾನದಲ್ಲಿ ಕಲ್ಲಿನ ಸರಪಳಿ ನೋಡಿದೋರಿಗೆ ತಕ್ಷಣ ನೆನಪಾಗುತ್ತೆ.

ಇಸ್ಲಾಮಲ್ಲಿ ಮನುಷ್ಯರ ಚಿತ್ರ ಬರೆಯಂಗಿಲ್ಲ ಅಲ್ವಾ? ಹಂಗಾದ್ರೆ ಸುಲ್ತಾನರ ಚಿತ್ರ ಎಲ್ಲಿಂದ ಬಂತು?

ಮಸೀದಿ ಒಳಗೆ ಬರೆಯಲ್ಲ. ಅರಮನೇಲಿ, ಪುಸ್ತಕದಲ್ಲಿ ಬರೀತಿದ್ರು. ಪರ್ಷಿಯಾ, ತುರ್ಕಿ, ಮೊಘಲರು, ಎಲ್ಲರಲ್ಲೂ ಇದು ಇತ್ತು, ದಖ್ಖನ್ನಲ್ಲಿ ಇನ್ನೂ ರಂಗಾಗಿತ್ತು. 2ನೇ ಇಬ್ರಾಹಿಂ ಸ್ವತಃ ಹಾಡುಗಾರ, ದಖನಿ ಭಾಷೇಲಿ ಪದ ಕಟ್ಟಿದವನು, ಅದರಲ್ಲಿ ಸರಸ್ವತಿ ಗಣಪತಿ ಸ್ತುತಿ ಇದೆ, ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಅವನ ಒಂದು ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಕೈಯಲ್ಲಿ ಚಿಟಿಕೆ ತಾಳ ಹಿಡ್ಕೊಂಡು ನಿಂತಿದಾನೆ. ರಾಜ ಅಂದ್ರೆ ಕತ್ತಿ ಹಿಡಿದೇ ನಿಲ್ಬೇಕು ಅಂತ ಇಲ್ಲ ನೋಡಿ. ಬಿಜಾಪುರದ ಒಳ್ಳೊಳ್ಳೆ ಚಿತ್ರಗಳು ಎಷ್ಟೋ ಹೊರದೇಶದ ಮ್ಯೂಸಿಯಂಗಳಲ್ಲಿವೆ, ಊರಲ್ಲಿ ಹುಟ್ಟಿದೋರು ಮೊಬೈಲಲ್ಲಿ ನೋಡ್ಬೇಕಾಗಿದೆ, ಅದು ನಂಗೆ ಹೊಟ್ಟೆಯುರಿ.

ಊರಲ್ಲೇ ಉಳಿದಿರೋ ಬಣ್ಣ ಬೇಕಂದ್ರೆ ಜುಮ್ಮಾ ಮಸೀದಿಯ ಮಿಹ್ರಾಬ್ ನೋಡಿ. ಮೆಕ್ಕಾ ದಿಕ್ಕು ತೋರಿಸೋ ಗೋಡೆಯ ಗೂಡು ಅದು. 1636ರಲ್ಲಿ ಮಲಿಕ್ ಯಾಕೂತ್ ಅನ್ನೋನು ಬಂಗಾರ ಬಣ್ಣ ಬಳಿಸಿ ಮಾಡಿಸಿದ್ದು. ಮನುಷ್ಯರಿಲ್ಲ, ಪ್ರಾಣಿ ಇಲ್ಲ, ಬದ್ಲಿಗೆ ಹೂದಾನಿ, ಬಳ್ಳಿ, ಧೂಪದ ಪಾತ್ರೆ, ಗೂಡಿನಲ್ಲಿ ಜೋಡಿಸಿಟ್ಟ ಪುಸ್ತಕಗಳು, ಎಲ್ಲಾ ಗೋಡೆ ಮೇಲೆ ಬರೆದಿರೋದೇ. ಪುಸ್ತಕದ ಕಪಾಟಿನ ಚಿತ್ರ ನಮಾಜಿನ ದಿಕ್ಕಲ್ಲಿ! ಆಸಾರ್ ಮಹಲ್‌ನ ಮೇಲಿನ ಕೋಣೆಗಳಲ್ಲೂ ಗೋಡೆ ಚಿತ್ರ ಇದ್ವು, ಅಲ್ಲಿ ಮನುಷ್ಯರೂ ಇದಾರೆ, ಬಹಳ ಮಾಸಿದೆ.

ಗುಮ್ಮಟದ ಬುಡದಲ್ಲಿ ಕಮಲದ ದಳ ಯಾಕಿದೆ? ಇದನ್ನೆಲ್ಲ ದೇವಸ್ಥಾನ ಒಡೆದು ಕಟ್ಟಿದ್ದಾ?

ಎರಡು ಪ್ರಶ್ನೆ ಜೊತೇಲೇ ಬರುತ್ತೆ ಯಾವಾಗ್ಲೂ, ಹಾಗಾಗಿ ಒಟ್ಟಿಗೇ ಹೇಳ್ತೀನಿ, ಮುಚ್ಚುಮರೆ ಇಲ್ದೆ.

ಊರಿನ ಕೋಟೆ ಒಳಗೆ ಕರೀಮುದ್ದೀನ್ ಮಸೀದಿ ಅಂತ ಇದೆ, 1320ರದ್ದು, ಅಂದ್ರೆ ಆದಿಲ್ ಶಾಹಿಗಳು ಬರೋಕೆ ನೂರೈವತ್ತು ವರ್ಷಕ್ಕೂ ಮುಂಚೆ, ದಿಲ್ಲಿ ಸೈನ್ಯ ಬಂದ ಕಾಲ. ಅದರ ಕಂಬಗಳು ಹಳೇ ದೇವಸ್ಥಾನದವು, ನೋಡಿದ ಯಾರಿಗಾದ್ರೂ ಗೊತ್ತಾಗುತ್ತೆ, ಇಲ್ಲ ಅನ್ನೋದ್ರಲ್ಲಿ ಅರ್ಥ ಇಲ್ಲ. ಅಲ್ಲೇ ಇರೋ ಶಾಸನದಲ್ಲಿ ಕೆಲಸ ಮಾಡಿದವನು ಸಾಲೋಟಗಿಯ ರೇವಯ್ಯ ಅಂತಾನೂ ಇದೆ. ನಮ್ಮ ಇಂಡಿ ತಾಲೂಕಿನ ಸಾಲೋಟಗಿ. ಎರಡನ್ನೂ ಒಟ್ಟಿಗೆ ಹೇಳ್ಬೇಕು, ಒಂದನ್ನ ಮಾತ್ರ ಹೇಳಿದ್ರೆ ಅರ್ಧ ಸುಳ್ಳು. ಗೋಲಗುಂಬಜ್, ಇಬ್ರಾಹಿಂ ರೋಜಾ ಅಂಥವು ಆಮೇಲಿನವು, ಅವುಗಳ ಕಲ್ಲು ಕಮಾನು ಎಲ್ಲಾ ಆ ಕಟ್ಟಡಕ್ಕೇ ಅಂತ ಕೆತ್ತಿದ್ದು.

ಕಲ್ಲು ಕೆತ್ತೋ ಕೈಗಳು ಇಲ್ಲಿಯವೇ ಆಗಿದ್ವು. ಕಮಲ, ಸಜ್ಜ ಹೊತ್ತ ಕಲ್ಲಿನ ಚಾಚುಗಳು, ಸರಪಳಿ, ಇವೆಲ್ಲ ಆ ಕೈಗಳಿಗೆ ಮೊದಲೇ ಅಭ್ಯಾಸ. ಗುಮ್ಮಟ ಗೋಡೆಗೆ ಕೂಡೋ ಜಾಗ ಯಾವಾಗ್ಲೂ ಅಂದಗೇಡಿ ಆಗುತ್ತೆ, ಅಲ್ಲಿ ದಳ ಸುತ್ತಿದ್ರೆ ಗುಮ್ಮಟ ಮೊಗ್ಗಿನ ಥರ ಅರಳಿ ಎದ್ದಂಗೆ ಕಾಣುತ್ತೆ. ಕೊಡುಕೊಳ್ಳುವಿಕೆ ಒಂದೇ ಕಡೆಯಿಂದ ಇರ್ಲಿಲ್ಲ, ಹಂಪೀಲಿ ಕಮಲ ಮಹಲ್ ಕಮಾನು, ಆನೆ ಲಾಯದ ಗುಮ್ಮಟಗಳ ಸಾಲು ನೋಡಿ, ಅವು ಈ ಕಡೆಯಿಂದ ಹೋಗಿದ್ದು. ಅದೇ ವಿಜಯನಗರವನ್ನ 1565ರಲ್ಲಿ ಸೋಲಿಸಿದವರಲ್ಲಿ 1ನೇ ಅಲಿ ಆದಿಲ್ ಶಾಹಿ ಒಬ್ಬ, ಜುಮ್ಮಾ ಮಸೀದಿ ಶುರು ಮಾಡಿದ್ದೂ ಅವನೇ, ಆ ಗೆಲುವಿನ ನಂತರ. ಕಲೆ ಹಂಚ್ಕೊಂಡ್ರು ಅಂತ ಯುದ್ಧ ಮಾಡ್ಲಿಲ್ಲ ಅಂತಲ್ಲ.

ದಿಲ್ಲಿ ಆಗ್ರಾ ಥರ ಕೆಂಪು ಕಲ್ಲು, ಬಿಳಿ ಅಮೃತಶಿಲೆ ಯಾಕಿಲ್ಲ?

ಸಿಕ್ಕ ಕಲ್ಲಲ್ಲೇ ಕಟ್ಟಿದಾರೆ. ವಿಜಯಪುರದ ನೆಲ ಕಪ್ಪುಕಲ್ಲು, ಬೀದರ್ ನೆಲ ಜಂಬಿಟ್ಟಿಗೆ. ಕಪ್ಪುಕಲ್ಲು ಗಟ್ಟಿ, ಸೂಕ್ಷ್ಮ ಕೆತ್ತನೆ ಹಿಡಿಯುತ್ತೆ ಆದ್ರೆ ಉಳಿಗೆ ಸುಲಭಕ್ಕೆ ಬಗ್ಗಲ್ಲ. ಜಂಬಿಟ್ಟಿಗೇಲಿ ತೂತು ತೂತು, ಕೆತ್ತನೆ ಆಗಲ್ಲ, ಅದಕ್ಕೇ ಬೀದರ್‌ನವರು ಗಚ್ಚು ಮೆತ್ತಿ ಮೇಲೆ ಬಣ್ಣದ ಹೆಂಚು ಹಚ್ಚಿದ್ರು. ಕಟ್ಟಡದ ರೂಪ ಇಷ್ಟು ಬೇರೆ ಆಗೋಕೆ ನೆಲದ ಕಲ್ಲೇ ಅರ್ಧ ಕಾರಣ.

ಬೀದರ್‌ಗೆ ಹೋದ್ರೆ ಏನು ತಪ್ಪಿಸ್ಕೊಳ್ಬಾರ್ದು?

ಮಹಮೂದ್ ಗವಾನ್ ಮದರಸಾ. 1472. ಗವಾನ್ ಪರ್ಷಿಯಾದ ಗಿಲಾನ್ ಕಡೆಯವನು, ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ದಿವಾನ ಆದ. ತನ್ನೂರ ಕಡೆಯ ಕಾಲೇಜು ಹೆಂಗಿರುತ್ತೋ ಹಂಗೇ ಬೀದರ್‌ನಲ್ಲಿ ಕಟ್ಟಿಸಿದ, ನಡುವೆ ಅಂಗಳ, ನಾಲ್ಕೂ ಕಡೆ ಎತ್ತರದ ಕಮಾನು ಪಡಸಾಲೆ, ಮೂರಂತಸ್ತಿನಲ್ಲಿ ಹುಡುಗರ ಕೋಣೆ, ಮೇಷ್ಟ್ರ ಕೋಣೆ, ಮುಂಗಡೆ ಎರಡು ಮಿನಾರ್. ಈಗ ಒಂದೇ ಮಿನಾರ್ ಇದೆ. ಔರಂಗಜೇಬನ ಕಾಲದಲ್ಲಿ 1696ರಲ್ಲಿ ಮದ್ದು ಸಿಡಿದು ಅರ್ಧ ಮುಂಭಾಗ ಹೋಯ್ತು ಅಂತಾರೆ. ಉಳಿದಿರೋ ಮಿನಾರ್ ಮೇಲೆ ನೀಲಿ, ಬಿಳಿ, ಹಳದಿ ಹೆಂಚು ಅಂಕುಡೊಂಕು ಪಟ್ಟೆಯಾಗಿ ಸುತ್ತಿಕೊಂಡು ಹೋಗಿದೆ. ಸಂಜೆ ಬಿಸಿಲಲ್ಲಿ ಆ ನೀಲಿ ನೋಡ್ಬೇಕು. ಗವಾನ್‌ನನ್ನ ಅವನು ಸೇವೆ ಮಾಡಿದ ಸುಲ್ತಾನನೇ 1481ರಲ್ಲಿ ಸುಳ್ಳು ಆರೋಪದ ಮೇಲೆ ಕೊಲ್ಲಿಸಿಬಿಟ್ಟ, ಆ ಅಂಗಳದಲ್ಲಿ ನಿಂತಾಗೆಲ್ಲಾ ಅದು ನೆನಪಾಗಿ ಮನಸ್ಸು ಭಾರ ಆಗುತ್ತೆ.

ಕೋಟೆ ಒಳಗೆ ರಂಗೀನ್ ಮಹಲ್. ಕಪ್ಪುಕಲ್ಲಲ್ಲಿ ಮುತ್ತಿನ ಚಿಪ್ಪು ಕೂರಿಸಿ ಪದ್ಯ ಬರೆದಿದಾರೆ, ಮರದ ಕೆತ್ತನೆ ಕಂಬಗಳಿವೆ. ಬೀಗ ಇದ್ರೆ ಕಚೇರೀಲಿ ಕೇಳಿ ನೋಡಿ.

ಊರಾಚೆ ಅಷ್ಟೂರಲ್ಲಿ ಬಹಮನಿ ಗೋರಿಗಳ ಸಾಲಿದೆ. ಅಹ್ಮದ್ ಶಾ ಗೋರಿ ಒಳಗೆ ಟಾರ್ಚು ಹಿಡ್ಕೊಂಡು ಹೋಗಿ, ಗಾಢ ಬಣ್ಣದ ಮೇಲೆ ಬಂಗಾರದ ಅಕ್ಷರ ಗುಮ್ಮಟದ ತುದಿವರೆಗೂ ಹೋಗಿದೆ. ಅವನನ್ನ ಮುಸ್ಲಿಮರು ವಲಿ, ಅಂದ್ರೆ ಸಂತ ಅಂತಾರೆ, ಲಿಂಗಾಯತರು ಅಲ್ಲಮಪ್ರಭು ಅಂತಾನೇ ನಡ್ಕೋತಾರೆ, ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರ್ತಾರೆ.

ಬಿದ್ರಿ ಸಾಮಾನು ಕಪ್ಪು ಪೇಂಟ್ ಹೊಡೆದಿರೋದಾ?

ಅಲ್ಲವೇ ಅಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಅರ ಹಾಕಿ ನುಣುಪು ಮಾಡ್ತಾರೆ. ಆಮೇಲೆ ಮೈಲುತುತ್ತದ ನೀರು ಬಳಿದು ತಾತ್ಕಾಲಿಕ ಕಪ್ಪು ಮಾಡ್ಕೊಳ್ಳೋದು, ಗೀಚಿದ ಗೆರೆ ಕಾಣ್ಲಿ ಅಂತ. ಮೊನಚು ಕಡ್ಡೀಲಿ ಬಳ್ಳಿ ಬಿಡಿಸಿ, ಸಣ್ಣ ಉಳೀಲಿ ಕೊರೆದು, ಆ ಗೆರೆ ಒಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೇಲಿ ತಟ್ಟಿ ತಟ್ಟಿ ಕೂರಿಸ್ತಾರೆ. ಆಮೇಲೆ ಉಜ್ಜಿಬಿಟ್ರೆ ಸತುವೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ, ಇಷ್ಟು ದಿನದ ಕೆಲಸ ಏನೂ ಕಾಣಲ್ಲ. ಕೊನೇಲಿ ಬೀದರ್ ಕೋಟೆಯ ಹಳೇ ಮಣ್ಣು, ಬಿಸಿಲು ಮಳೆ ಕಾಣದ ಜಾಗದ್ದು, ಅದಕ್ಕೆ ನವಸಾಗರ ಬೆರೆಸಿದ ಬಿಸಿ ನೀರಲ್ಲಿ ತೊಳೀತಾರೆ. ಸತು ಕ್ಷಣದಲ್ಲಿ ಕಾಡಿಗೆ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಹೊಳೆಯುತ್ತೆ. ಆ ಕ್ಷಣ ಕಾರ್ಖಾನೇಲಿ ನಿಂತು ನೋಡಿದೀನಿ, ಕತ್ತಲಲ್ಲಿ ಮಲ್ಲಿಗೆ ಅರಳಿದಂಗೆ. ಕುಶಲಕರ್ಮಿಗಳು ಮಣ್ಣನ್ನ ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸ್ತಾರೆ. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದ್ದು ಇದೇ ಕೆಲಸಕ್ಕೆ. ಚೌಕಾಸಿ ಮಾಡೋ ಮುಂಚೆ ಇಷ್ಟು ನೆನಪಿಟ್ಕೊಳ್ಳಿ.

ಕಲಬುರಗಿ ಕೋಟೆ ಮಸೀದಿಗೆ ಅಂಗಳನೇ ಇಲ್ಲ, ಯಾಕೆ?

1367ರದ್ದು ಅದು, ಪೂರ್ತಿ ಸೂರು ಹೊದಿಸಿಬಿಟ್ಟಿದಾರೆ, ಮೇಲೆ ಸಾಲು ಸಾಲು ಪುಟ್ಟ ಗುಮ್ಮಟ. ಮಸೀದಿ ಅಂದ್ರೆ ನಡುವೆ ತೆರೆದ ಅಂಗಳ ಅನ್ನೋ ರೂಢಿ ಬಿಟ್ಟು ಕಟ್ಟಿದ್ದು, ಭಾರತದಲ್ಲಿ ಇಂಥದ್ದು ಅಪರೂಪ. ಕಟ್ಟಿದವನು ಇರಾನಿನ ಕಜ್ವೀನ್ ಊರಿನ ರಫೀ. ಬೆಳಕು ಬರೋದು ಬದಿಯ ಅಗಲವಾದ, ತಗ್ಗಿನಿಂದಲೇ ಎದ್ದ ಕಮಾನುಗಳಿಂದ. ಸ್ಪೇನಿನ ಕಾರ್ಡೋಬಾದ ಮಸೀದಿಗೆ ಹೋಲಿಸ್ತಾರೆ, ನಂಗೆ ಹೋಲಿಕೆ ಅಷ್ಟು ಹಿಡಿಸಲ್ಲ. ಒಳಗೆ ಕಂಬದ ಸಾಲಲ್ಲಿ ನಿಂತು ಕಮಾನಿನೊಳಗೆ ಕಮಾನು ಕಾಣೋದು ನೋಡಿ, ಸಾಕು.

ಬಾರಾ ಕಮಾನ್ ಬಿದ್ದುಹೋಗಿದ್ದಾ?

ವಿಜಯಪುರದಲ್ಲಿ ಬರೀ ಕಮಾನುಗಳಾಗಿ ನಿಂತಿರೋ ಗೋರಿ ಅದು. ಬಿದ್ದಿದ್ದಲ್ಲ, ಮುಗಿದೇ ಇಲ್ಲ. 2ನೇ ಅಲಿ ಆದಿಲ್ ಶಾಹಿ ಅಪ್ಪನ ಗೋಲಗುಂಬಜ್‌ಗಿಂತ ದೊಡ್ಡದು ಕಟ್ಟಿಸ್ಬೇಕು ಅಂತ ಹೊರಟ, 1672ರಲ್ಲಿ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತ್ಹೋಯ್ತು. 1686ರಲ್ಲಿ ರಾಜ್ಯನೇ ಔರಂಗಜೇಬನ ಕೈಗೆ ಹೋಯ್ತು. ಕಮಾನು ಕಟ್ಟೋ ವಿದ್ಯೆ ಕಲೀಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ, ಒಳಗಿನ ಎಲುಬು ಹಾಗೇ ಕಾಣುತ್ತೆ.

ಮುಸ್ಲಿಮರಲ್ಲದೋರು ಮಸೀದಿ ಒಳಗೆ ಹೋಗ್ಬಹುದಾ?

ಜುಮ್ಮಾ ಮಸೀದಿಗೆ ಹೋಗ್ಬಹುದು. ಚಪ್ಪಲಿ ಬಿಡಿ, ತಲೆಗೆ ಏನಾದ್ರೂ ಹಾಕ್ಕೊಳ್ಳಿ, ಶುಕ್ರವಾರ ಮಧ್ಯಾಹ್ನ ಬೇಡ, ನಮಾಜ್ ಮಾಡೋರ ಮುಂದೆ ಓಡಾಡ್ಬೇಡಿ, ಅವರ ಫೋಟೋ ತೆಗೀಬೇಡಿ. ಮಿಹ್ರಾಬ್‌ಗೆ ಪರದೆ ಇದ್ರೆ ಅಲ್ಲಿರೋ ಚಾಚಾರನ್ನ ಕೇಳಿ, "ಸ್ವಲ್ಪ ತೋರಸ್ರೀ 'ಚಾ" ಅಂದ್ರೆ ನಂಗಂತೂ ಇಲ್ಲಿವರೆಗೆ ಯಾರೂ ಇಲ್ಲ ಅಂದಿಲ್ಲ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಅಂತ ಚೌಕಟ್ಟು ಬಿಡಿಸಿದೆ, ಎರಡು ಸಾವಿರಕ್ಕೂ ಮೇಲೆ, ಅದು ಔರಂಗಜೇಬನ ಕಾಲದ್ದು.

ಒಂದೇ ದಿನ ಇದೆ, ಯಾವ ಕ್ರಮದಲ್ಲಿ ನೋಡ್ಲಿ?

ಬೆಳಗ್ಗೆ ಮೊದಲು ಗೋಲಗುಂಬಜ್. ಅಲ್ಲಿಂದ ತಿಂಡಿ ಮುಗಿಸ್ಕೊಂಡು ಜುಮ್ಮಾ ಮಸೀದಿ, ಮೆಹತರ್ ಮಹಲ್. ಬಿಸಿಲೇರಿದಾಗ ಊಟ, ನಿದ್ದೆ. ನಾಲ್ಕು ಗಂಟೆ ಮೇಲೆ ಇಬ್ರಾಹಿಂ ರೋಜಾ, ಇಳಿಬಿಸಿಲು ಜಾಲರಿ ಒಳಗೆ ಬರೋ ಹೊತ್ತು. ಟಾಂಗಾ ಸಿಕ್ರೆ ಹತ್ತಿ, ಆಟೋ ಬೇಡ. ಉಳಿದದ್ದು ಇನ್ನೊಂದ್ಸಲಕ್ಕೆ.

ಮಕ್ಕಳಿಗೆ ಬೋರ್ ಆಗಲ್ವಾ?

ಮುಲ್ಕ್ ಮೈದಾನ್ ತೋಪಿನ ಹತ್ರ ಕರ್ಕೊಂಡು ಹೋಗಿ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. ತೋಪು ಅಂದ್ಕೊಂಡು ಹೋಗ್ತಾರೆ ಮಕ್ಕಳು, ಹತ್ರ ಹೋದ್ರೆ ಅದರ ಬಾಯಿ ಸಿಂಹದ ಬಾಯಿ. ಸಿಂಹದ ಹಲ್ಲಿನ ಸಂದೀಲಿ ಏನಿದೆ ಹುಡುಕು ಅಂತ ಹೇಳಿ ಸುಮ್ನೆ ನಿಂತ್ಕೊಳ್ಳಿ, ನೀವು ತೋರಿಸ್ಬೇಡಿ. ನಮ್ಮಕ್ಕನ ಮಗಳು ಆರು ವರ್ಷದೋಳು ಐದು ನಿಮಿಷ ಸುತ್ತ ತಿರುಗಿ, ಬಗ್ಗಿ, ಕಡೆಗೆ "ಮಾಮಾ, ಆನಿ ಐತಿ, ಸಿಂಹ ಆನಿ ತಿನ್ನಾಕತ್ತೈತಿ!" ಅಂತ ಕಿರುಚಿದ್ಲು. ಆನೇನೇ ಅದು. ಎಷ್ಟೇ ಬಿಸಿಲಿದ್ರೂ ಈ ತೋಪು ತಣ್ಣಗಿರುತ್ತೆ ಅಂತ ನಮ್ಮೂರಲ್ಲಿ ಹೇಳ್ತಾರೆ, ಅದನ್ನೂ ಮಕ್ಕಳೇ ಅಂಗೈ ಇಟ್ಟು ನೋಡ್ಲಿ.